ಕೊರಳಪಟ್ಟಿ ಹಿಡಿದು ಕೊಟ್ಟ ಸಮಾಧಾನ

ಸಿಡಿಲು ಮೇಸ್ತ್ರಿಗೆ ಕೋಪ ಬಂದರೆ ಎದುರಿಗಿದ್ದವನು ಮೊದಲು ತನ್ನ ಹಲ್ಲುಗಳನ್ನು ಕಾಪಾಡಿಕೊಳ್ಳಬೇಕಿತ್ತು. ತಪ್ಪು ಯಾರದು ಎನ್ನುವುದನ್ನು ಆಮೇಲೆ ಯೋಚಿಸಿದರೂ ನಡೆಯುತ್ತಿತ್ತು. ದಿಮ್ಮಿಯನ್ನು ಅಡ್ಡಾದಿಡ್ಡಿ ಇಳಿಸಿದ ಎಂದು ಒಬ್ಬ ಲಾರಿ ಡ್ರೈವರನ ದವಡೆ ಮುರಿದಿದ್ದ. ಗರಗಸ ಓಡುತ್ತಿರುವಾಗ ಹಿಂದಿನಿಂದ ಬಂದು ಬೆನ್ನು ತಟ್ಟಿದ ಎಂದು ಮಾಲೀಕನ ಅಳಿಯನನ್ನೇ ಎತ್ತಿ ಹೊಟ್ಟಿನ ಗುಂಡಿಯಲ್ಲಿ ತಲೆಕೆಳಗಾಗಿ ನೆಟ್ಟಿದ್ದ. ಈ ಎರಡನೆಯ ಪ್ರಕರಣದಲ್ಲಿ ಮೇಸ್ತ್ರಿಯದು ತಪ್ಪೆಂದು ಸಾಮಿಲ್ಲಿನಲ್ಲಿ ಯಾರೂ ಹೇಳಲಿಲ್ಲ, ಅಳಿಯನೂ ಬಾಯೊಳಗಿನ ಹೊಟ್ಟು ಉಗಿದು ಮುಗಿಸುವವರೆಗೆ ಹೇಳಲಿಲ್ಲ. ಅಷ್ಟಾದರೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ ಎಂದರೆ ಅವನ ಕೈ ಎಂಥದ್ದೆಂದು ಊಹಿಸಿಕೊಳ್ಳಬಹುದು. ಅವನು ನಿಂತು ಕೊಯ್ದ ಹಲಗೆಗೆ ಉಜ್ಜುಳಿ ಹಿಡಿದು ನಯ ಮಾಡುವ ಅಗತ್ಯವೇ ಇಲ್ಲ ಎಂದು ಬಡಗಿಗಳು ಹೇಳುತ್ತಿದ್ದರು.

ಗರಗಸ ಓಡುತ್ತಿರುವಷ್ಟು ಹೊತ್ತು ಸಾಮಿಲ್ಲಿನಲ್ಲಿ ಕಿವಿಗೆ ಕೆಲಸವಿಲ್ಲ. ಮುಂದೆ ನಿಂತವನು ದಿಮ್ಮಿಯನ್ನು ಹಲ್ಲಿಗೆ ಕೊಡುತ್ತಾನೆ, ಹಿಂದೆ ನಿಂತವನು ಸೀಳಿ ಬಂದ ಹಲಗೆಯನ್ನು ಎಳೆದುಕೊಳ್ಳುತ್ತಾನೆ. ನಡುವೆ ಕಿರುಚುವ ಕಬ್ಬಿಣದ ಪಟ್ಟಿ. ಅಲ್ಲಿ ಮಾತಿಗೆ ಬದಲು ಎರಡೇ ಸನ್ನೆ. ಮುಷ್ಟಿ ಎತ್ತಿದರೆ ನಿಲ್ಲಿಸು, ಅಂಗೈ ಬಿಚ್ಚಿದರೆ ನಡೆಸು. ಉಳಿದದ್ದನ್ನೆಲ್ಲ ಕಣ್ಣಲ್ಲೇ ಹೇಳಿಕೊಳ್ಳಬೇಕು. ಮೇಸ್ತ್ರಿಯ ಎದುರಿಗೆ, ಗರಗಸದ ಹಿಂದೆ ನಿಲ್ಲುತ್ತಿದ್ದವನು ಅವನ ಸ್ವಂತ ತಮ್ಮ. ಅಪ್ಪ ಸತ್ತ ಮೇಲೆ ಅಣ್ಣನೇ ಕೈಹಿಡಿದು ತಂದು ನಿಲ್ಲಿಸಿದ ಹುಡುಗ ಅಲ್ಲೇ ಮೀಸೆ ಬೆಳೆಸಿ, ಮದುವೆಯಾಗಿ, ಅಣ್ಣನ ಹುಬ್ಬಿನ ಒಂದೊಂದು ಕುಣಿತಕ್ಕೂ ಅರ್ಥ ಕಲಿತಿದ್ದ. ಮನೆಯಲ್ಲಿ ಇಬ್ಬರೂ ಅಷ್ಟು ಮಾತಾಡುತ್ತಿರಲಿಲ್ಲ. ಮಾತೆಲ್ಲ ಗರಗಸದ ಆಚೆ ಈಚೆ ನಿಂತೇ ಮುಗಿದುಹೋಗುತ್ತಿತ್ತು.

ಮೇಸ್ತ್ರಿಯ ಕುಡಿತ ಶುರುವಾದದ್ದು ಯಾವಾಗ ಎಂದು ಅವನ ಹೆಂಡತಿಯನ್ನು ಕೇಳಿದರೆ ಮದುವೆಗೆ ಮುಂಚೆ ಎನ್ನುತ್ತಿದ್ದಳು, ಮೇಸ್ತ್ರಿಯನ್ನು ಕೇಳಿದರೆ ಮದುವೆಯಾದ ಮೇಲೆ ಎನ್ನುತ್ತಿದ್ದ. ಅದೇನೇ ಇರಲಿ, ಒಂದು ಬೆಳಿಗ್ಗೆ ಹಿಂದಿನ ರಾತ್ರಿಯ ಅಮಲು ಇಳಿಯದೆಯೇ ಬಂದು ಗರಗಸದ ಮುಂದೆ ನಿಂತ. ಹಳೆಯ ಮರದ ದಿಮ್ಮಿ. ಒಳಗೆ ಯಾವ ಕಾಲದಲ್ಲೋ ಹೊಡೆದ ಮೊಳೆ ಮರದೊಂದಿಗೇ ಬೆಳೆದು ಹೂತುಹೋಗಿತ್ತು. ಹಿಂದೆ ನಿಂತಿದ್ದ ತಮ್ಮನಿಗೆ ಹಲಗೆಯ ಮೇಲೆ ಕಬ್ಬಿಣದ ಕಪ್ಪು ಕಲೆ ಕಂಡಿತು. ಮುಷ್ಟಿ ಎತ್ತಿದ. ಅಣ್ಣ ನೋಡಿದ, ನೋಡಿಯೂ ನಡೆಸಿದ. ಗರಗಸದ ಪಟ್ಟಿ ಮೊಳೆಗೆ ತಾಗಿ ತುಂಡಾಗಿ, ಚಾವಣಿಯ ತಗಡನ್ನು ಸೀಳಿಕೊಂಡು ಹೋಗಿ ಗೋಡೆಗೆ ಬಡಿಯಿತು. ಯಾರ ತಲೆಯೂ ಹೋಗದೆ ಇದ್ದದ್ದು ದೇವರ ದಯೆ.

ಯಂತ್ರ ನಿಂತು ಎಲ್ಲವೂ ಸ್ತಬ್ಧವಾಗಿದ್ದಾಗ ತಮ್ಮ ಬಾಯಿ ತೆರೆದ. "ಕುಡ್ಕೊಂಡು ಬಂದು ಇದರ ಮುಂದೆ ನಿಂತ್ಕೋಬೇಡ ಅಣ್ಣ. ನಿನ್ನ ಕೈ ನಡುಗ್ತಾ ಇದೆ."

ಮಾತು ನಿಜವಾಗಿತ್ತು, ಮತ್ತು ಎಲ್ಲರ ಮುಂದೆ ಬಂದಿತ್ತು. ಮೇಸ್ತ್ರಿಯ ಕೈಗೆ ಸಿಕ್ಕಿದ್ದು ದಿಮ್ಮಿಗೆ ಕೊಡುವ ಮರದ ಬೆಣೆ. ಬೀಸಿ ಎಸೆದ. ಅದರ ಚೂಪು ತುದಿ ತಮ್ಮನ ಎಡಗಣ್ಣಿಗೆ ಹೊಕ್ಕಿತು. ಕೈ ನಡುಗುತ್ತಿದ್ದುದು ನಿಜ, ಗುರಿ ಮಾತ್ರ ತಪ್ಪಲಿಲ್ಲ.

ಆಸ್ಪತ್ರೆಯಿಂದ ತಮ್ಮ ಒಂದು ಕಣ್ಣಿನವನಾಗಿ ಬಂದ. ಪೊಲೀಸರಿಗೆ ದೂರು ಕೊಡಲಿಲ್ಲ. ಅಣ್ಣನ ಮುಖವನ್ನೂ ನೋಡಲಿಲ್ಲ. ಸಾಮಿಲ್ಲಿಗೆ ಕಾಲಿಡಲಿಲ್ಲ. ಎರಡು ಬೀದಿ ಆಚೆ, ಮನೆಯ ಮುಂದಿನ ಕೋಣೆಯಲ್ಲೇ ಬಡಗಿ ಕೆಲಸ ಹಾಕಿಕೊಂಡು ಕೂತ. ಒಂದೇ ಕಣ್ಣಿಗೆ ದೂರ ಹತ್ತಿರ ತಿಳಿಯದು, ಉಳಿ ಗೆರೆಯ ಮೇಲೆ ಬೀಳುವ ಬದಲು ಗೆರೆಯ ಪಕ್ಕಕ್ಕೆ ಬೀಳುತ್ತದೆ. ಕುರ್ಚಿಗಳು ಕುಂಟಿದವು, ಬಾಗಿಲುಗಳು ಚೌಕಟ್ಟಿನಲ್ಲಿ ಕೂರಲಿಲ್ಲ. ಜನ ಮರ್ಯಾದೆಗೆ ಏನೂ ಹೇಳದೆ ಬೇರೆ ಬಡಗಿಯ ಹತ್ತಿರ ಹೋದರು.

ಮೇಸ್ತ್ರಿ ಅಂದಿನಿಂದ ಕುಡಿತ ಬಿಟ್ಟ. ಬಿಟ್ಟ ಎನ್ನುವುದಕ್ಕಿಂತ, ಲೋಟ ಎತ್ತಿದರೆ ಅದರೊಳಗೆ ಬೆಣೆಯೇ ಕಾಣುತ್ತಿತ್ತು ಎಂದರೆ ಸರಿ. ಊಟ ಸೇರದು, ನಿದ್ದೆ ಹತ್ತದು. ಹುಟ್ಟಿನಿಂದ ಕ್ರೈಸ್ತನಾದರೂ ಮದುವೆ, ಮಣ್ಣು ಬಿಟ್ಟರೆ ದೇವಾಲಯದ ಮೆಟ್ಟಿಲು ಹತ್ತದವನು ಈಗ ಹೆಂಡತಿಯ ಹಿಂದೆ ಭಾನುವಾರ ಭಾನುವಾರ ಹೋಗಿ ಕಡೆಯ ಬೆಂಚಿನಲ್ಲಿ ಕೂರತೊಡಗಿದ. ಸಭೆಯ ಪಾದ್ರಿ ಅಯ್ಯನವರು ಸಣ್ಣ ದನಿಯವರು, ಪಕ್ಕದಲ್ಲಿ ನೊಣ ಹಾರಿದರೂ ಅವರ ಪ್ರಸಂಗದ ಅರ್ಧ ಮಾತು ಮುಳುಗಿಹೋಗುತ್ತಿತ್ತು. ಮೇಸ್ತ್ರಿಯ ಕಿವಿಯನ್ನೋ ಗರಗಸ ಎಂದೋ ತಿಂದುಹಾಕಿತ್ತು. ಹೀಗೆ ದೇವರ ವಾಕ್ಯ ಅವನಿಗೆ ತಲುಪುವ ಹೊತ್ತಿಗೆ ತುಂಡುತುಂಡಾಗಿರುತ್ತಿತ್ತು. ಸಿಕ್ಕ ತುಂಡುಗಳನ್ನು ಅವನು ತನಗೆ ತೋಚಿದಂತೆ ಜೋಡಿಸಿಕೊಳ್ಳುತ್ತಿದ್ದ.

ಮೊದಲು ಸಿಕ್ಕ ತುಂಡು ಇದು: ನಿನ್ನ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ, ಮೊದಲು ಹೋಗಿ ಅವನ ಸಂಗಡ ಸಮಾಧಾನವಾಗು. ಅಷ್ಟು ಕೇಳಿದ್ದೇ ತಡ, ಆಶೀರ್ವಾದಕ್ಕೂ ಕಾಯದೆ ಎದ್ದು ನಡೆದ.

ತಮ್ಮ ಹಲಗೆಯ ಮೇಲೆ ಉಜ್ಜುಳಿ ಎಳೆಯುತ್ತಿದ್ದ. ತಲೆ ಎತ್ತಲಿಲ್ಲ.

"ನಂದು ತಪ್ಪಾಯ್ತು ಕಣೋ" ಎಂದ ಮೇಸ್ತ್ರಿ. ಹುಟ್ಟಿದಂದಿನಿಂದ ಆ ಬಾಯಲ್ಲಿ ಬಾರದ ಮಾತು, ಬರುವಾಗ ಗಂಟಲನ್ನು ಕೆರೆದುಕೊಂಡೇ ಬಂತು.

"ಹೇಳಿದ್ಯಲ್ಲ, ಹೋಗು."

"ಕ್ಷಮಿಸಿದೆ ಅನ್ನು, ಹೋಗ್ತೀನಿ."

"ಅನ್ನಲ್ಲ."

"ಅನ್ನಲ್ವಾ?"

"ಅನ್ನಲ್ಲ."

ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ. "ನೋಡು, ನಾನು ಇಷ್ಟು ದೂರ ಬಂದಿದೀನಿ. ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದೀನಿ. ಸಮಾಧಾನ ಮಾಡ್ಕೋ."

"ನಿನ್ನ ಸಮಾಧಾನ ನೀನೇ ಇಟ್ಕೋ."

ಆಮೇಲೆ ಏನಾಯಿತೆಂದು ಮೇಸ್ತ್ರಿಗೇ ಸರಿಯಾಗಿ ನೆನಪಿರಲಿಲ್ಲ. ಕೊರಳಪಟ್ಟಿ ಕೈಯಲ್ಲಿತ್ತು, ತಮ್ಮನ ಪಾದ ನೆಲದಿಂದ ಮೇಲಿತ್ತು. "ಸಮಾಧಾನ ಮಾಡ್ಕೋತೀಯೋ ಇಲ್ವೋ! ಮಾಡ್ಕೋತೀಯೋ ಇಲ್ವೋ!" ಎಂದು ಕೂಗುತ್ತ ಒಂದೊಂದು ಕೂಗಿಗೂ ಅವನನ್ನು ಅರ್ಧ ಮುಗಿದ ಬೀರುವಿಗೆ ಅಪ್ಪಳಿಸುತ್ತಿದ್ದ. ಬೀರುವಿನ ಗಾಜು ಒಡೆದು ತಮ್ಮನ ಕಿವಿ ಹರಿಯಿತು. ಬೆಚ್ಚನೆಯ ರಕ್ತ ಇಸ್ತ್ರಿಯ ಅಂಗಿಯ ತೋಳಿಗೆ ಇಳಿದಾಗಲೇ ಅವನು ಕೈಬಿಟ್ಟದ್ದು.

ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿದ, "ಕ್ಷಮೆ ಕೇಳಿದೆ ಕಣೇ. ತಗೊಳ್ಳಲಿಲ್ಲ."

ಅಂಗಿ ನೋಡಿ ಅವಳೆಂದಳು, "ಕೊಟ್ಟ ರೀತಿ ಕಾಣ್ತಾ ಇದೆ."

ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ತಪ್ಪು ಒಪ್ಪಿಕೊಳ್ಳುವುದು ಅವನ ಪಾಲಿಗೆ ಜೀವ ಕಿತ್ತು ಕೈಯಲ್ಲಿ ಕೊಟ್ಟಷ್ಟು ದೊಡ್ಡ ಸಂಗತಿ. ಅಷ್ಟನ್ನು ಕೊಟ್ಟರೂ ಬೇಡ ಎನ್ನುತ್ತಾನಲ್ಲ ಎಂಬ ಸಂಕಟ. ತಮ್ಮ ಒಮ್ಮೆ, ಒಂದೇ ಒಂದು ಸಲ, ಮೊದಲಿನ ಹಾಗೆ ಕಣ್ಣೆತ್ತಿ ನೋಡಿದರೆ ಸಾಕಿತ್ತು. ಅದಕ್ಕಾಗಿ ಏನು ಬೇಕಾದರೂ ಮಾಡಲು ತಯಾರಿದ್ದ, ಸುಮ್ಮನಿರುವುದೊಂದನ್ನು ಬಿಟ್ಟು.

ಮುಂದಿನ ಭಾನುವಾರದ ಪ್ರಸಂಗ ಅವನಿಗೆಂದೇ ಬಂದಂತಿತ್ತು. ಸ್ವಾಮಿ ಯೇಸು ಶಿಷ್ಯರನ್ನು ಊರೂರಿಗೆ ಕಳುಹಿಸಿದ ಕಥೆ. ಯಾವ ಮನೆಗೆ ಹೋದರೂ ಸಮಾಧಾನ ಹೇಳಿ. ಮೇಸ್ತ್ರಿ ಕಿವಿಗೆ ಕೈ ಒಡ್ಡಿ ಮುಂದಕ್ಕೆ ಬಾಗಿದ. ಅಷ್ಟರಲ್ಲಿ ಹೊರಗೆ ಯಾರದೋ ಮೋಟಾರು ಸೈಕಲ್ಲು ಕೆಮ್ಮತೊಡಗಿತು. ಅದರ ನಡುವೆ ಅಯ್ಯನವರ ತುಟಿಯಿಂದ ಬಂದು ತಲುಪಿದ್ದು ಇಷ್ಟು: "ನಿಮ್ಮನ್ನು ಸೇರಿಸಿಕೊಳ್ಳದಿದ್ದರೆ... ಆ ಮನೆ ಬಿಟ್ಟು ಬರುವಾಗ... ಕಾಲು... ಝಾಡಿಸಿ ಬನ್ನಿ."

ಮೇಸ್ತ್ರಿ ಬೆಂಚಿನಿಂದ ಅರ್ಧ ಎದ್ದ. ಪಕ್ಕದಲ್ಲಿ ತೂಕಡಿಸುತ್ತಿದ್ದ ಮುದುಕನನ್ನು ತಿವಿದು ಕೇಳಿದ, "ಕಾಲು ಝಾಡಿಸಿ ಬರ್ಬೇಕು ಅಂದ್ರಾ?"

"ಹೂಂ, ಝಾಡಿಸಿ ಬರ್ಬೇಕಂತೆ" ಎಂದು ಮುದುಕ ಮತ್ತೆ ಕಣ್ಣು ಮುಚ್ಚಿದ.

ನಮ್ಮ ಭಾಷೆಯ ಮಹಿಮೆ ನೋಡಿ. ಚಾಪೆ ಝಾಡಿಸುವುದೂ ಝಾಡಿಸುವುದೇ, ಕತ್ತೆ ಕಾಲು ಝಾಡಿಸುವುದೂ ಝಾಡಿಸುವುದೇ, ಝಾಡಿಸಿ ಒದೆಯುವುದಂತೂ ಹೇಳಿಯೇ ಬೇಡ. ಈ ಮೂರರಲ್ಲಿ ಸಿಡಿಲು ಮೇಸ್ತ್ರಿ ಯಾವುದನ್ನು ಆರಿಸಿಕೊಂಡಿರಬಹುದೆಂದು ಬೇರೆ ಹೇಳಬೇಕಿಲ್ಲ. ಇಷ್ಟು ದಿನ ತಾನು ಮಾಡುತ್ತಿದ್ದುದಕ್ಕೆ ಮೇಲಿನಿಂದಲೇ ಅಪ್ಪಣೆಯಿದೆ ಎಂದು ತಿಳಿದು ಅವನ ಕಣ್ಣು ತುಂಬಿ ಬಂತು.

ಅದೇ ಮಧ್ಯಾಹ್ನ ತಮ್ಮನ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ "ಈ ಮನೆಗೆ ಸಮಾಧಾನ!" ಎಂದು ಕೂಗಿದ. ತಮ್ಮ ಒಳಗಿನಿಂದ ನೋಡಿ, ಬಂದು, ಮುಖದ ಮೇಲೆಯೇ ಬಾಗಿಲು ಹಾಕಿದ. ಮೇಸ್ತ್ರಿಗೆ ಈ ಸಲ ಕೋಪವೂ ಬರಲಿಲ್ಲ. ಹೇಳಿದ ವಿಧಿಯನ್ನು ಪೂರೈಸುವವನಂತೆ ಎರಡು ಹೆಜ್ಜೆ ಹಿಂದೆ ಹೋಗಿ, ಪ್ಯಾಂಟು ತುಸು ಎಳೆದುಕೊಂಡು, ಕಾಲು ಝಾಡಿಸಿದ. ಬಾಗಿಲು ಚಿಲಕದ ಸಮೇತ ಕಿತ್ತು ಒಳಕ್ಕೆ ಬಿತ್ತು.

ಬಾಗಿಲ ಹಿಂದೆ ತಮ್ಮನ ಹೆಂಡತಿ ಇದ್ದಳು. ಗಂಡ ಮತ್ತೆ ಹೊರಗೆ ಹೋಗಿ ಕೈಕೈ ಮಿಲಾಯಿಸಬಾರದೆಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳು ಬೋರಲು ಬಿದ್ದು ಹಣೆ ಕೆಲಸದ ಮೇಜಿನ ಅಂಚಿಗೆ ಬಡಿದು ಸೀಳಿತು. ಎದ್ದು ಕೂತಾಗ ಮುಖದ ಒಂದು ಪಾಲು ಕೆಂಪಾಗಿತ್ತು. ಅವಳು ಅಳಲಿಲ್ಲ. ಕಣ್ಣಿಗೆ ಇಳಿದ ರಕ್ತವನ್ನು ಸೆರಗಿನಿಂದ ಒರೆಸಿಕೊಂಡು, ಬೈಯುವ ಹಾಗಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು, "ಬಾವ, ಇದೇನಾ ನಿಮ್ಮ ಸಮಾಧಾನ?"

ಮೇಸ್ತ್ರಿ ನೇರವಾಗಿ ಅಯ್ಯನವರ ಮನೆಗೆ ಬಂದ. ಅವರು ಆಗಷ್ಟೇ ಊಟಕ್ಕೆ ಕೂತಿದ್ದರು.

"ಅಯ್ಯನೋರೇ, ನೀವು ಹೇಳಿದ ಹಾಗೆ ಝಾಡಿಸಿ ಬಂದೆ. ಆದರೆ ಏನೋ ಸರಿಹೋಗ್ತಿಲ್ಲ."

"ಏನನ್ನ ಝಾಡಿಸಿದ್ರಿ?"

"ಬಾಗಿಲನ್ನ."

ಅಯ್ಯನವರ ಕೈಯ ತುತ್ತು ತಟ್ಟೆಗೆ ವಾಪಸು ಬಿತ್ತು. ಪೂರ್ತಿ ಕೇಳಿ ಮುಗಿಸಿದಾಗ ಆ ಸಣ್ಣ ದನಿಯ ಮನುಷ್ಯ ಬದುಕಿನಲ್ಲಿ ಮೊದಲ ಸಲ ಕಿರುಚಿದರು. "ಧೂಳು ಕಣಯ್ಯಾ! ಕಾಲಿನ ಧೂಳು! ಝಾಡಿಸಬೇಕಾದ್ದು ಧೂಳನ್ನ!"

ಅವರ ಹೆಂಡತಿ ಅಡುಗೆಮನೆಯಲ್ಲಿ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡರು. ಮೇಸ್ತ್ರಿಯ ಮುಖ ನೋಡಿದ ಮೇಲೆ ಅವರ ನಗುವೂ ನಿಂತಿತು. ನೆಲ ಬಿರಿದು ನುಂಗಬಾರದೇ ಎಂದು ನಿಂತಿದ್ದ ಅವನು ಹಾಗೆಯೇ ಗೋಡೆಗೊರಗಿ ಕುಸಿದು, ದೊಡ್ಡ ಕೈಗಳಲ್ಲಿ ಮುಖ ಮುಚ್ಚಿಕೊಂಡ. "ಅವಳ ಹಣೆ ಒಡೆದೆ ಅಯ್ಯನೋರೇ. ಪಾಪದ ಹೆಣ್ಣು. ನನಗೆ ಯಾವತ್ತೂ ಎದುರು ಮಾತಾಡಿದೋಳಲ್ಲ."

ಅಯ್ಯನವರು ಕೈ ತೊಳೆದು ಬಂದು ಅವನ ಪಕ್ಕ ನೆಲದ ಮೇಲೇ ಕೂತರು. ಈ ಸಲ ಅವನ ಕಿವಿಯ ಹತ್ತಿರವೇ ಮಾತಾಡಿದರು. "ಕೊಡೋದು ನಿಮ್ಮ ಕೆಲಸ. ತಗೊಳ್ಳೋದು ಬಿಡೋದು ಅವರದು. ತಗೊಳ್ಳದೆ ಇದ್ರೆ ನೀವು ಕೊಟ್ಟ ಸಮಾಧಾನ ಬೀದೀಲಿ ಬಿದ್ದು ಹಾಳಾಗಲ್ಲ, ನಿಮಗೇ ವಾಪಸು ಬರುತ್ತೆ ಅಂತ ಸ್ವಾಮಿ ಹೇಳಿದ್ದು. ಅವರು ಬೇಡ ಅಂದದ್ದನ್ನ ಕಾಲಿಗೆ ಅಂಟಿಸ್ಕೊಂಡು ಮನೆವರೆಗೆ ತರಬೇಡಿ ಅನ್ನೋದಕ್ಕೇ ಧೂಳಿನ ಮಾತು."

"ಹಂಗಾದ್ರೆ ನಾನು ಸೋತ ಹಾಗಲ್ವಾ?"

"ಸೋಲೋಕೆ ಅದೇನು ಕುಸ್ತಿಯಾ?"

ಮೇಸ್ತ್ರಿಗೆ ಗೊತ್ತಿದ್ದುದೆಲ್ಲ ಕುಸ್ತಿಯೇ.

ಮಾರನೆಯ ದಿನ ಸಾಮಿಲ್ಲಿಗೆ ಹೋಗುವ ಬದಲು ಭುಜದ ಮೇಲೆ ಹೊಸ ಬಾಗಿಲು ಹೊತ್ತು ತಮ್ಮನ ಬೀದಿಗೆ ನಡೆದ. ತಾನೇ ಕೊಯ್ದ ಹಲಗೆ, ರಾತ್ರಿಯೆಲ್ಲ ಕೂತು ತಾನೇ ಜೋಡಿಸಿದ ಚೌಕಟ್ಟು. ತಮ್ಮ ಗುರಿ ತಪ್ಪಿ ಉಳಿಯನ್ನು ತನ್ನ ಕೈಗೇ ಇಳಿಸಿಕೊಂಡಿದ್ದಾನೆ, ಹೆಬ್ಬೆರಳಿಗೆ ದಪ್ಪ ಬಟ್ಟೆ ಸುತ್ತಿಕೊಂಡು ಕೆಲಸ ಮಾಡುತ್ತಿದ್ದಾನೆ ಎಂದು ಅವನಿಗೆ ಬೆಳಿಗ್ಗೆ ತಿಳಿದಿತ್ತು. ದಿನವೂ ಬೆಳಿಗ್ಗೆ ಬಂದು ಮರ ಕೊಯ್ದುಕೊಟ್ಟು, ಗೆರೆ ಹಾಕಿಕೊಟ್ಟು ಹೋಗುತ್ತೇನೆ ಎಂದು ಹೇಳುವುದೆಂದು ನಿರ್ಧರಿಸಿಕೊಂಡಿದ್ದ. ತನ್ನ ಎರಡು ಕಣ್ಣಲ್ಲಿ ಒಂದು ಅವನಿಗೆ ದುಡಿಯಲಿ.

ಬಾಗಿಲನ್ನು ಗೋಡೆಗೆ ಒರಗಿಸಿ, ತಮ್ಮನ ಹೆಂಡತಿಯ ಕಡೆ ತಿರುಗಿ ಕೈ ಮುಗಿದ. "ತಾಯಿ, ನಿನ್ನೆ ಮಾಡಿದ್ದು ಮೃಗದ ಕೆಲಸ. ಹೊಟ್ಟೆಗೆ ಹಾಕ್ಕೋ." ಆಮೇಲೆ ತಮ್ಮನಿಗೆ ತಾನು ಯೋಚಿಸಿಕೊಂಡು ಬಂದದ್ದನ್ನೆಲ್ಲ ಹೇಳಿದ.

ತಮ್ಮ ಕೆಲಸದ ಮೇಜಿನ ಮೇಲಿದ್ದ ಕೊಡತಿ ಎತ್ತಿಕೊಂಡ. ಗಟ್ಟಿಮರದ ಭಾರವಾದ ಬಡಿಗೆ, ಉಳಿಯ ತಲೆಗೆ ಬಡಿಯುವಂಥದ್ದು. "ನನ್ನ ಮರದ ಮೇಲೆ ನಿನ್ನ ಕೈ ಬೀಳಬಾರ್ದು" ಎಂದು ಬೀಸಿದ.

ಒಂದು ಕಣ್ಣಿನವನ ಏಟು, ತಲೆಗೆಂದು ಹೊರಟದ್ದು ಬಲಭುಜದ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅರೆಗಿವುಡನಾದ ಮೇಸ್ತ್ರಿಗೂ ಕೇಳಿಸಿತು. ಮೊಣಕಾಲೂರಿದ. ಕಣ್ಣು ಕತ್ತಲಿಟ್ಟಿತು, ಕತ್ತಲ ಒಳಗಿಂದ ಅವನ ಹಳೆಯ ರೋಷ ಬುಸುಗುಟ್ಟಿಕೊಂಡು ಮೇಲೆದ್ದಿತು. ಎಡಗೈ ತಾನಾಗಿಯೇ ಮುಷ್ಟಿಯಾಯಿತು, ತಾನಾಗಿಯೇ ಮೇಲೆ ಹೋಯಿತು. ತಮ್ಮನ ಗಂಟಲು ಎಷ್ಟು ದೂರದಲ್ಲಿದೆ ಎಂದು ಮೈಯೇ ಲೆಕ್ಕ ಹಾಕಿತು.

ಮುಷ್ಟಿ ಮೇಲೆದ್ದದ್ದೇ ತಡ, ಎರಡನೆಯ ಏಟಿಗೆ ಎತ್ತಿದ್ದ ತಮ್ಮನ ಕೈ ಗಾಳಿಯಲ್ಲೇ ನಿಂತುಬಿಟ್ಟಿತು.

ಹೆದರಿ ನಿಂತದ್ದಲ್ಲ. ಎಳೆಯ ವಯಸ್ಸಿನಿಂದ ಗರಗಸದ ಹಿಂದೆ ನಿಂತವನ ತೋಳು, ಅಣ್ಣನ ಮುಷ್ಟಿ ಕಂಡರೆ ನಿಲ್ಲಬೇಕು ಎನ್ನುವುದೊಂದನ್ನು ಅದು ಇನ್ನೂ ಮರೆತಿರಲಿಲ್ಲ. ಇಬ್ಬರಿಗೂ ಅದು ಒಂದೇ ಗಳಿಗೆಯಲ್ಲಿ ಗೊತ್ತಾಯಿತು. ತಮ್ಮನ ಒಂಟಿ ಕಣ್ಣು ಅಣ್ಣನ ಕಣ್ಣನ್ನು ನೇರವಾಗಿ ನೋಡಿತು. ಮೇಸ್ತ್ರಿ ಇಷ್ಟು ಕಾಲ ಬಯಸಿದ್ದ ನೋಟ ಅದೇ. ಆ ನೋಟದಲ್ಲಿ ಇದ್ದದ್ದು ಕ್ಷಮೆಯಲ್ಲ, ಬರೀ ದ್ವೇಷ. ಬೆಂಕಿಯ ಹಾಗೆ ಉರಿಯುವ ದ್ವೇಷವೂ ಅಲ್ಲ, ದಿನವೂ ಎದ್ದು ಮುಖ ತೊಳೆದು ಕೆಲಸಕ್ಕೆ ಕೂರುವ ದ್ವೇಷ.

ಮೇಸ್ತ್ರಿ ಅದನ್ನು ನೋಡಿದ. ನಿಧಾನವಾಗಿ ಮುಷ್ಟಿ ಸಡಿಲಿಸಿ ಅಂಗೈ ಬಿಚ್ಚಿದ. ನಡೆಸು.

ತಮ್ಮ ನಡೆಸಿದ. ಕೊಡತಿ ಮತ್ತೆ ಅದೇ ಭುಜದ ಮೇಲೆ ಬಿತ್ತು.

ತಮ್ಮನ ಹೆಂಡತಿ ಚೀರಿ ಗಂಡನನ್ನು ಹಿಂದಿನಿಂದ ಅಪ್ಪಿ ಹಿಡಿದಳು. ಮೇಸ್ತ್ರಿ ನೆಲದಿಂದ ಎದ್ದು, ಜೋತುಬಿದ್ದ ಬಲಗೈಯನ್ನು ಎಡಗೈಯಲ್ಲಿ ಎತ್ತಿಕೊಂಡು, ತುಟಿ ಕಚ್ಚಿ ಬಾಯಿಗೆ ಬಂದ ರಕ್ತ ನುಂಗಿ, "ಆಯ್ತಪ್ಪ. ಬೇಡ ಅಂದ್ರೆ ಬೇಡ" ಎಂದು ಹೊರಗೆ ಬಂದ.

ಬೀದಿಯಲ್ಲಿ ಅವನನ್ನು ಆ ಸ್ಥಿತಿಯಲ್ಲಿ ಕಂಡ ಯಾರೋ ಸಾಮಿಲ್ಲಿಗೆ ಓಡಿದರು. ದಿನವಿಡೀ ಕಿರುಚುವ ಗರಗಸ ಇದ್ದಕ್ಕಿದ್ದಂತೆ ಬಾಯಿ ಮುಚ್ಚಿತು. ಜನ ಅಂಗಡಿಗಳಿಂದ ಹೊರಬಂದು ನೋಡುವಷ್ಟರಲ್ಲಿ ಸಾಮಿಲ್ಲಿನ ಆಳುಗಳೆಲ್ಲ ರೀಪು, ಸನ್ನೆಗೋಲು ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಬೀದಿಗೆ ನುಗ್ಗಿದ್ದರು. ಅವರಲ್ಲಿ ಮೇಸ್ತ್ರಿಯ ಕೈಯಲ್ಲಿ ಏಟು ತಿನ್ನದವರು ಯಾರೂ ಇರಲಿಲ್ಲ. ಹಾಗಿದ್ದರೂ, ನಮ್ಮ ಮೇಸ್ತ್ರಿಯನ್ನು ಬೇರೆಯವರು ಹೊಡೆಯುವುದೆಂದರೇನು ಎಂಬ ಆವೇಶ.

"ಎಲ್ಲಿ ಆ ಒಕ್ಕಣ್ಣ? ಇನ್ನೊಂದನ್ನೂ ಕಿತ್ತು ಕೈಗೆ ಕೊಡ್ತೀವಿ!" ಎಂದು ದಿಮ್ಮಿ ಉರುಳಿಸುವ ದಡಿಯನೊಬ್ಬ ಸನ್ನೆಗೋಲು ಎತ್ತಿದ. ಮೊದಲ ಕಲ್ಲು ಕಿಟಕಿಯೊಳಗೆ ಹೋಗಿಯೇಬಿಟ್ಟಿತು.

ಮೇಸ್ತ್ರಿ ತಿರುಗಿ ಬಂದು, ಬಾಗಿಲಿಲ್ಲದ ಆ ಬಾಗಿಲಿಗೆ ಅಡ್ಡ ನಿಂತ.

"ಜರುಗು ಮೇಸ್ತ್ರಿ" ಎಂದ ದಡಿಯ. "ನಿನ್ನ ಭುಜ ಪುಡಿ ಮಾಡಿದ್ದಾನೆ. ನೀನು ಅವನನ್ನ ಕಾಯ್ತೀಯಾ?"

"ಕಣ್ಣು ಹೋದದ್ದು ಯಾರದ್ದೋ?"

"ಅದು ಹಳೇ ಕಥೆ."

"ಯಾರದ್ದೋ?"

ದಡಿಯ ಸನ್ನೆಗೋಲನ್ನು ತುಸು ಇಳಿಸಿದ. "ಅವನದ್ದು."

"ಹಂಗಾದ್ರೆ ಬೇಡ ಅನ್ನೋದೂ ಅವನದ್ದೇ. ನಾನು ಕೊಟ್ಟೆ, ಅವನು ಬೇಡ ಅಂದ, ಮುಗೀತು. ಇದರಲ್ಲಿ ನಿಮ್ಮದೇನಿದೆ? ನಡೀರಿ. ಗರಗಸ ನಿಲ್ಲಿಸಿ ಬಂದಿದ್ದೀರಲ್ಲ, ಮೊಳೆ ಸಿಕ್ಕಿದೆ ಅಂದ್ಕೊಂಡ್ರಾ?"

ಬಾಯಿಂದ ಮಾತು ಬಿದ್ದ ಮೇಲೆಯೇ ಮೇಸ್ತ್ರಿಗೆ ತಾನು ಏನು ಹೇಳಿದೆ ಎನ್ನುವುದು ಹೊಳೆದದ್ದು. ಅಯ್ಯನವರು ಕಿವಿಯ ಹತ್ತಿರ ಕೂತು ಹೇಳಿದಾಗ ಒಳಗೆ ಇಳಿಯದ್ದು ತನ್ನದೇ ಬಾಯಿಂದ ಹೊರಬಿದ್ದಾಗ ಇಳಿಯಿತು. ತಮ್ಮನ ಕಣ್ಣು ತೆಗೆದುಕೊಂಡಾಗ ಅವನನ್ನು ಕೇಳಿರಲಿಲ್ಲ. ಈಗ ಕ್ಷಮೆಯನ್ನೂ ಅವನ ಒಪ್ಪಿಗೆಯಿಲ್ಲದೆಯೇ ಕಿತ್ತುಕೊಳ್ಳಲು ಹೊರಟಿದ್ದೆನಲ್ಲ ಎಂದು ಅರಿವಾಯಿತು. ಅವನು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಆಳುಗಳು ಗೊಣಗುತ್ತ ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು.

ಒಳಗಿನಿಂದ ತಮ್ಮನ ದನಿ ಬಂತು. "ನಿನ್ನ ಉಪಕಾರ ಯಾರಿಗೆ ಬೇಕಾಗಿತ್ತು? ನೀನೂ ನಡಿ. ಆ ಬಾಗಿಲನ್ನೂ ತಗೊಂಡು ನಡಿ."

"ಒಂದು ಕೈಲಿ ಎತ್ತಕ್ಕಾಗಲ್ಲ ಕಣೋ" ಎಂದ ಮೇಸ್ತ್ರಿ. "ಸೌದೆ ಮಾಡ್ಕೋ. ಹೋಗ್ತೀನಿ."

ದಡಿಯ ಅವನನ್ನು ತಬ್ಬಿಕೊಂಡು ನಡೆಸುತ್ತ ಕೇಳಿದ, "ನೋವಾಗ್ತಿದೆಯಾ?"

"ಪ್ರಾಣ ಹೋಗ್ತಿದೆ" ಎಂದ. ಅವನು ನಗುತ್ತಿದ್ದುದನ್ನು ಕಂಡು ದಡಿಯನಿಗೆ ತಲೆಗೂ ಏಟು ಬಿದ್ದಿರಬೇಕೆಂದು ಅನುಮಾನವಾಯಿತು.

ಭುಜಕ್ಕೆ ಪಟ್ಟಿ ಬಿಗಿಸಿಕೊಂಡು ಮನೆಗೆ ಬಂದಾಗ ಹೆಂಡತಿ ಮೈಮೇಲೆ ಬಂದವಳಂತಾಗಿದ್ದಳು. ಇಷ್ಟು ವರ್ಷ ಗಂಡನ ಜಗಳಗಳನ್ನು ತಣ್ಣಗೆ ಮಾಡಿ ಸವೆದವಳು ಈಗ ಸೌಟು ಹಿಡಿದು ಮೈದುನನ ಮನೆಗೆ ಹೊರಟು ನಿಂತಿದ್ದಳು. "ಬಾಯಿಗೆ ಮಣ್ಣು ಹಾಕ್ತೀನಿ ಅವನಿಗೆ. ಇನ್ನು ನೀವು ಗರಗಸದ ಮುಂದೆ ನಿಲ್ಲೋದಕ್ಕುಂಟಾ? ಬಿಡಿ ನನ್ನನ್ನ!"

"ಕೂತ್ಕೋ" ಎಂದ. "ಅವನು ಕ್ಷಮಿಸಲ್ಲ ಕಣೇ."

ಎಷ್ಟೋ ಸಲ ಹಲ್ಲು ಕಡಿದುಕೊಂಡು, ಗೋಡೆಗೆ ತಲೆ ಚಚ್ಚಿಕೊಂಡು ಹೇಳಿದ್ದ ಮಾತು ಅದು. ಈ ಸಲ ಸಾಮಿಲ್ಲಿಗೆ ಇವತ್ತು ರಜೆ ಎಂದು ಹೇಳುವಷ್ಟು ಸಲೀಸಾಗಿ ಬಂತು. ಹೆಂಡತಿ ಸೌಟು ಹಿಡಿದುಕೊಂಡೇ ಅವನ ಮುಖವನ್ನು ದಿಟ್ಟಿಸಿದಳು.

"ಮತ್ತೆ ಹೋಗ್ತೀರಾ?"

"ಇಲ್ಲ. ಅವನೇ ಬಂದ್ರೆ ಬಾಗಿಲು ತೆಗಿ. ಬರ್ದೆ ಇದ್ರೆ ಬೈಬೇಡ. ಹಸಿವಾಗಿದೆ, ಏನಾದ್ರೂ ಇದ್ರೆ ಹಾಕು."

ಅವಳೇ ತುತ್ತು ಮಾಡಿ ತಿನ್ನಿಸಿದಳು. ಬೆಣೆ ಎಸೆದ ದಿನದಿಂದ ಅರ್ಧ ತಟ್ಟೆಗೆ ಏಳುತ್ತಿದ್ದವನು ಎರಡು ಸಲ ಹಾಕಿಸಿಕೊಂಡ. ಆ ನೋವಿನಲ್ಲೂ ಕೂತಲ್ಲೇ ಗೊರಕೆ ಹೊಡೆದ. ಕೊಟ್ಟದ್ದು ವಾಪಸು ಬರುತ್ತದೆ ಎಂದು ಕೇಳಿದಾಗ ಅವನು ಅದನ್ನು ಅವಮಾನ ಎಂದೇ ತಿಳಿದಿದ್ದ. ಬಂದದ್ದು ಮಾತ್ರ ನಿದ್ದೆ.

ಭುಜ ಸೊಟ್ಟವಾಗಿಯೇ ಕೂಡಿಕೊಂಡಿತು. ಗರಗಸದ ಮುಂದೆ ನಿಲ್ಲಲಾಗದೆ ಅವನು ಪಕ್ಕದ ಕೊಟ್ಟಿಗೆಯಲ್ಲಿ ಕೂತು ಅರ ಹಿಡಿದು ಅದರ ಹಲ್ಲು ಹರಿತ ಮಾಡುವ ಕೆಲಸಕ್ಕೆ ಇಳಿದ. ಕೋಪ ಪೂರಾ ಹೋಯಿತೆಂದರೆ ಸುಳ್ಳಾದೀತು. ಸಿಡಿಲು ನಿಂತಿತು, ಗುಡುಗು ಉಳಿಯಿತು. ತಮ್ಮನ ಬೀದಿಯಲ್ಲಿ ಹೋಗುವುದನ್ನು ಬಿಡಲಿಲ್ಲ, ಕೆಲಸವಿದ್ದರೆ ಹೋಗುತ್ತಿದ್ದ. ತಮ್ಮ ಮುಖ ತಿರುಗಿಸುತ್ತಿದ್ದ, ಇವನು ತನ್ನ ಪಾಡಿಗೆ ಮುಂದೆ ಹೋಗುತ್ತಿದ್ದ. ಸಂಜೆಯ ಪ್ರಾರ್ಥನೆಯಲ್ಲಿ ತಮ್ಮನನ್ನು ಒಂದು ದಿನವೂ ಮರೆಯಲಿಲ್ಲ. ಅವನು ನನ್ನನ್ನು ಕ್ಷಮಿಸಲಿ ಎಂದು ಮಾತ್ರ ಕೇಳುತ್ತಿರಲಿಲ್ಲ, ಅವನ ಉಳಿ ಗೆರೆಯ ಮೇಲೆ ಬೀಳಲಿ ಎಂದು ಕೇಳುತ್ತಿದ್ದ. ಹೆಂಡತಿಗೆ ಇದನ್ನು ಬಹುಕಾಲ ಸಹಿಸಲಾಗಲಿಲ್ಲ. ಸೊಟ್ಟ ಭುಜಕ್ಕೆ ಎಣ್ಣೆ ಉಜ್ಜುವಾಗಲೆಲ್ಲ ಮೈದುನನಿಗೆ ಶಾಪ ಹಾಕುತ್ತಿದ್ದಳು. ಇವನು "ಉಜ್ಜು, ಉಜ್ಜು, ಬಾಯಿಗಿಂತ ಕೈ ಜೋರಾಗಿ ನಡೀಲಿ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಅರ ಕೈಯಲ್ಲಿದ್ದ ಹಾಗೆಯೇ ಮುಂದಕ್ಕೆ ಬಾಗಿದವನು ಮತ್ತೆ ಏಳಲಿಲ್ಲ.

ಸಾಮಿಲ್ಲಿನವರೇ ಪೆಟ್ಟಿಗೆ ಮಾಡಿದರು. ಅಯ್ಯನವರು ಬಂದರು, ಹಾಡುಗಳಾದವು, ಇನ್ನು ಹೊರಡಬೇಕು. ಅಷ್ಟರಲ್ಲಿ ದಡಿಯ ಬೀದಿಯ ಕೊನೆಯತ್ತ ನೋಡಿ, "ಒಡಹುಟ್ಟಿದೋನು ಇನ್ನೂ ಬಂದಿಲ್ಲ, ಸ್ವಲ್ಪ ಕಾಯೋಣ" ಎಂದ. ಬಿಸಿಲು ಏರಿತು. ಯಾರೂ ಬರಲಿಲ್ಲ. ದಡಿಯ ತೋಳು ಮಡಿಚಿದ. ಅವನ ಹಿಂದೆ ಇನ್ನೂ ಕೆಲವರು ಎದ್ದರು. "ಅದು ಹೇಗೆ ಬರಲ್ವೋ ನೋಡ್ತೀವಿ. ಕಾಲು ಮುರಿದು ಎಳ್ಕೊಂಡು ಬರ್ತೀವಿ. ಅವನು ಬಂದು ಅಣ್ಣನ ಮುಖ ನೋಡದೆ ಮೇಸ್ತ್ರೀನ ಮಣ್ಣು ಮಾಡೋಕೆ ಬಿಡಲ್ಲ."

ಪೆಟ್ಟಿಗೆಯ ಪಕ್ಕ 'ಅಯ್ಯೋ' ಎಂದು ಅಳುತ್ತಿದ್ದ ಹೆಂಡತಿ ತಲೆ ಎತ್ತಿದಳು. ಬೈಗುಳ ಬಾಯಿಯ ತುದಿವರೆಗೆ ಬಂದದ್ದು ಎಲ್ಲರಿಗೂ ಕಂಡಿತು. ಅವಳು ಅದನ್ನು ನುಂಗಿದಳು. ಗಂಡನ ಸೊಟ್ಟ ಭುಜದ ಮೇಲೆ ಬಟ್ಟೆಯನ್ನು ಸರಿಯಾಗಿ ಎಳೆದು ಹೊದಿಸಿ, ಮುಚ್ಚಳ ಹಿಡಿದು ನಿಂತವರ ಕಡೆ ತಿರುಗಿದಳು.

"ಅವನಿಗಾಗಿ ಇವರೇ ಕಾಯ್ತಾ ಇರಲಿಲ್ಲ" ಎಂದಳು. "ಮುಚ್ಚಿ."